ಅಕ್ಷರದ ಆಟದಲ್ಲಿ ಕಿವಿಗೂ ಕೆಲಸ ಇರಲಿ

ನಮಸ್ಕಾರ. ಮನೆಯಲ್ಲಿ ಪುಟ್ಟ ಮಕ್ಕಳಿರುವವರ ಜೊತೆ ಇವತ್ತು ಒಂದು ವಿಷಯ ಮಾತಾಡಬೇಕು. ರಟ್ಟು, ಕತ್ತರಿ, ಅಂಟು, ಬಣ್ಣ ಇಟ್ಟುಕೊಂಡು ನಾವೇ ಮಾಡುವ ಅಕ್ಷರದ ಆಟಗಳ ವಿಷಯ. ಇವು ನನಗೆ ತುಂಬಾ ಇಷ್ಟ. ಕೊಂಡು ತಂದ ಆಟಿಕೆಗಿಂತ, ಫೋನಿನಲ್ಲಿರುವ ಆ್ಯಪ್‌ಗಿಂತ ಇವೇ ಮೇಲು ಅಂತ ನಂಬಿರುವವಳು ನಾನು. ಆದರೂ ಒಂದು ಮಾತು ನೇರವಾಗಿ ಹೇಳಲೇಬೇಕು. ಹೀಗೆ ಮಾಡಿದ ಆಟಗಳಲ್ಲಿ ಬಹಳಷ್ಟು ಮಗುವಿಗೆ ಓದು ಕಲಿಸುವುದಿಲ್ಲ. ನೋಡೋಕೆ ಚೆನ್ನಾಗಿರುತ್ತವೆ, ಮಗು ಖುಷಿಯಾಗಿ ಆಡುತ್ತದೆ, ಓದಿಗೆ ಮಾತ್ರ ಉಪಯೋಗಕ್ಕೆ ಬರುವುದಿಲ್ಲ. ಕಾರಣ ಇಷ್ಟೇ: ಆ ಆಟವನ್ನು ಬಾಯಿ ಮುಚ್ಚಿಕೊಂಡೇ ಆಡಬಹುದು.

ಜೋಡಿ ಹುಡುಕುವ ಆಟವನ್ನೇ ತೆಗೆದುಕೊಳ್ಳಿ. ಒಂದೇ ಅಳತೆಯ ರಟ್ಟಿನ ಚೀಟಿಗಳು. ಒಂದೊಂದು ಅಕ್ಷರ ಎರಡೆರಡು ಚೀಟಿಯಲ್ಲಿ. ಎಲ್ಲವನ್ನೂ ಬೋರಲು ಹಾಕಬೇಕು, ಎರಡೆರಡು ತಿರುಗಿಸಿ ನೋಡಬೇಕು, ಜೋಡಿ ಸಿಕ್ಕರೆ ನಿಮ್ಮದು. ನಾಲ್ಕು ವರ್ಷದ ಮಗು ಈ ಆಟದಲ್ಲಿ ದೊಡ್ಡವರನ್ನೇ ಸೋಲಿಸಿಬಿಡುತ್ತದೆ. ಹಾಗಾದರೆ ಅದಕ್ಕೆ 'ಕ' ಬಂತಾ? ಇಲ್ಲ. ಎರಡು ಚೀಟಿಯ ಮೇಲೆ ಒಂದೇ ಥರದ ಗೆರೆಗಳಿವೆ ಅಂತ ಗುರುತಿಸಿತು, ಅಷ್ಟೆ. ಅಕ್ಷರದ ಬದಲು ಎಲೆ, ಚಿಟ್ಟೆ, ನಕ್ಷತ್ರ ಬರೆದಿದ್ದರೂ ಆಟ ಹೀಗೇ ನಡೆಯುತ್ತಿತ್ತು.

ಇದೇ ಚೀಟಿಗಳನ್ನು ಸ್ವಲ್ಪ ಬದಲಾಯಿಸೋಣ. ಒಂದು ಚೀಟಿಯಲ್ಲಿ ಕತ್ತರಿಯ ಚಿತ್ರ, ಅದರ ಜೋಡಿ ಚೀಟಿಯಲ್ಲಿ 'ಕ'. ಮರದ ಚಿತ್ರಕ್ಕೆ 'ಮ'. ಗಡಿಯಾರಕ್ಕೆ 'ಗ'. ಮೇಲೆ ಇನ್ನೊಂದು ನಿಯಮ: ಜೋಡಿ ಸಿಕ್ಕರೆ ಸಾಲದು, ಅದೇ ಅಕ್ಷರದಿಂದ ಶುರುವಾಗುವ ಬೇರೆ ಒಂದು ಪದ ಹೇಳಿದರೆ ಮಾತ್ರ ಚೀಟಿ ಕೈಗೆ. ಈಗ ಮಗುವಿನ ಮುಖ ನೋಡಿ. ತುಟಿ ಅಲ್ಲಾಡುತ್ತದೆ. ಕ... ಕ... ಕಣ್ಣು! ಮೊದಲ ಆಟದಲ್ಲಿ ಇಲ್ಲದ ಕೆಲಸ ಇಲ್ಲಿದೆ. ಮಗು ಪದದ ತಲೆ ಹಿಡಿದು ನೋಡುತ್ತಿದೆ. ಓದು ಶುರುವಾಗುವುದು ಅಲ್ಲಿಂದ.

ಹಾಗಾಗಿ ಯಾವ ಆಟ ಮಾಡಲು ಕೂತರೂ ಕತ್ತರಿ ಹಿಡಿಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಗೆಲ್ಲೋಕೆ ಮಗು ಏನನ್ನಾದರೂ ಕೇಳಿಸಿಕೊಳ್ಳಬೇಕಾ? ಏನನ್ನಾದರೂ ಬಾಯಿಬಿಟ್ಟು ಹೇಳಬೇಕಾ? ಎರಡೂ ಇಲ್ಲ ಅಂದರೆ ಅದು ಒಳ್ಳೆಯ ಕರಕುಶಲ ಇರಬಹುದು, ಅಕ್ಷರದ ಆಟ ಅಲ್ಲ.

ಇದು ಹೊಸ ವಿಚಾರ ಏನಲ್ಲ. ಒಂದನೇ ಶತಮಾನದಲ್ಲಿ ರೋಮ್‌ನಲ್ಲಿ ಕ್ವಿಂಟಿಲಿಯನ್ ಅಂತ ಒಬ್ಬ ಮೇಷ್ಟ್ರು ಇದ್ದರು. ಮಕ್ಕಳಿಗೆ ದಂತದಲ್ಲಿ ಮಾಡಿದ ಅಕ್ಷರಗಳನ್ನು ಆಡಲು ಕೊಡಿ, ಮುಟ್ಟಿ ಹಿಡಿದು ಖುಷಿಪಡಲಿ ಅಂತ ಅವರು ಆಗಲೇ ಬರೆದಿದ್ದರು. ಅವರ ಇನ್ನೊಂದು ಮಾತು ನನಗೆ ಇನ್ನೂ ಮುಖ್ಯ. ಅಕ್ಷರಗಳ ಹೆಸರನ್ನೂ ಸಾಲನ್ನೂ ಮೊದಲೇ ಬಾಯಿಪಾಠ ಮಾಡಿಸುವುದು ಅವರಿಗೆ ಒಪ್ಪಿಗೆ ಇರಲಿಲ್ಲ. ಹಾಗೆ ಮಾಡಿಸಿದರೆ ಮಗು ಅಕ್ಷರದ ಆಕಾರ ನೋಡುವುದನ್ನು ಬಿಟ್ಟು ನೆನಪಿನ ದಾರಿ ಹಿಡಿಯುತ್ತದೆ ಅಂದರು. ನಮ್ಮ ಮಕ್ಕಳೂ ಹಾಗೇ ಅಲ್ವಾ? ಅ ಆ ಇ ಈ ಅಂತ ಒಂದೇ ಉಸಿರಿಗೆ ಹೇಳುತ್ತವೆ. ನಡುವಿನಿಂದ 'ಎ' ತೋರಿಸಿ ಇದೇನು ಅಂದರೆ ಮತ್ತೆ ಮೊದಲಿನಿಂದ ಹೇಳಿಕೊಂಡು ಬಂದು ಅಲ್ಲಿ ನಿಲ್ಲುತ್ತವೆ.

ಕನ್ನಡ ವರ್ಣಮಾಲೆಯ ಜೋಡಣೆ ನಿಜಕ್ಕೂ ಬುದ್ಧಿವಂತಿಕೆಯದ್ದು. ಕ ವರ್ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುತ್ತದೆ, ಪ ವರ್ಗಕ್ಕೆ ಬರುವಷ್ಟರಲ್ಲಿ ತುಟಿಗೆ ಬಂದಿರುತ್ತೇವೆ. ಆದರೆ ಆ ಸೊಗಸು ಅರ್ಥವಾಗುವುದು ಶಬ್ದಗಳ ಪರಿಚಯ ಆದಮೇಲೆ. ಶುರು ಮಾಡುವ ಮಗುವಿಗೆ ಙ, ಞ, ಋ ಮೊದಲ ತಿಂಗಳಲ್ಲೇ ಯಾಕೆ ಬೇಕು? ಅವುಗಳಿಂದ ಯಾವ ಪದ ಮಾಡುತ್ತದೆ? ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ರ ಗ ಸ ದ ಅ ಅಂತ ಶುರು ಮಾಡುತ್ತಾರೆ. ಈ ಐದೇ ಅಕ್ಷರ ಸಾಕು: ಸರ, ದರ, ರಸ, ಅಗಸ, ಅರಸ, ಗರಗಸ. ಐದು ಚೀಟಿಯಲ್ಲಿ ಮಗು ನಿಜವಾದ ಪದ ಕಟ್ಟುತ್ತದೆ. ಗರಗಸಕ್ಕೆ 'ಗ' ಎರಡು ಬೇಕು ಅಂತ ತಾನೇ ಕಂಡುಕೊಂಡು ಇನ್ನೊಂದು ಚೀಟಿ ಕೇಳುತ್ತದೆ. ಆ ಕ್ಷಣಕ್ಕಾಗಿ ಅ ಇಂದ ಳ ವರೆಗಿನ ಸಾಲನ್ನು ಒಂದಷ್ಟು ದಿನ ಪಕ್ಕಕ್ಕಿಡಲು ನಾನು ತಯಾರು.

ಇನ್ನು ಮಾಡುವ ವಿಷಯಕ್ಕೆ ಬರೋಣ.

ಮೊದಲ ಆಟಕ್ಕೆ ಅಕ್ಷರವೇ ಬೇಡ. ಒಂದು ಖಾಲಿ ಡಬ್ಬಿ ಸಾಕು. ಅದಕ್ಕೆ ಮಗುವಿನ ಕೈಯಲ್ಲೇ ಬಣ್ಣದ ಕಾಗದ ಹರಿಸಿ ಅಂಟಿಸಿ. ಕಾಗದ ಹರಿಯುವುದು, ಉಂಡೆ ಮಾಡುವುದು, ಒತ್ತಿ ಅಂಟಿಸುವುದು, ಇವೆಲ್ಲ ಮುಂದೆ ಪೆನ್ಸಿಲ್ ಹಿಡಿಯುವ ಬೆರಳಿಗೆ ಕಸರತ್ತು. ಈಗ ಮನೆಯೆಲ್ಲ ಸುತ್ತಿ 'ಬ' ಇಂದ ಶುರುವಾಗುವ ಸಾಮಾನು ಹುಡುಕಿ ಡಬ್ಬಿಗೆ ಹಾಕಬೇಕು. ಬಟ್ಟೆ, ಬಟ್ಟಲು, ಬಳಪ, ಬಲ್ಬಿನ ಖಾಲಿ ಪೆಟ್ಟಿಗೆ. ಇಲ್ಲಿ ಒಂದು ಸೂಕ್ಷ್ಮ ಇದೆ. ನೀವು ಬಾಚಣಿಗೆ ತಂದು ಹಾಕಿದಿರಿ ಅಂದುಕೊಳ್ಳಿ. ಮಗು ಅನುಮಾನದಿಂದ ನೋಡುತ್ತದೆ. ಅದರ ಅನುಮಾನ ಸರಿ. ಬಾಚಣಿಗೆಯ ಮೊದಲಲ್ಲಿ ಕೇಳುವುದು 'ಬಾ'. ಇಂಗ್ಲಿಷ್ ಆಟಗಳನ್ನು ನೋಡಿ ಮಾಡುವವರು ಇಲ್ಲೇ ಎಡವುತ್ತಾರೆ. ಅಲ್ಲಿ ಬಿ (B) ಅಕ್ಷರದ ಡಬ್ಬಿಗೆ ಬಾಲ್ ಕೂಡ ಬರುತ್ತದೆ, ಬುಕ್ ಕೂಡ ಬರುತ್ತದೆ, ಅದರ ನಂತರ ಯಾವ ಸ್ವರ ಇದ್ದರೂ ನಡೆಯುತ್ತದೆ. ಕನ್ನಡದಲ್ಲಿ ಬ, ಬಾ, ಬಿ, ಬು ಕಣ್ಣಿಗೂ ಬೇರೆ, ಕಿವಿಗೂ ಬೇರೆ. ಮೊದಮೊದಲು 'ಬ' ಡಬ್ಬಿಗೆ 'ಬ' ಮಾತ್ರ. ಆಮೇಲೆ ಅದರ ಪಕ್ಕದಲ್ಲಿ 'ಬಾ' ಡಬ್ಬಿ ಇಡಿ, ಬಾಚಣಿಗೆ, ಬಾಟಲಿ, ಬಾಲ್ ಅದರಲ್ಲಿ ಬೀಳಲಿ. ಎರಡು ಡಬ್ಬಿ ಅಕ್ಕಪಕ್ಕ ಬಂದ ದಿನ ನಿಮ್ಮ ಮಗು ಕಾಗುಣಿತ ಶುರು ಮಾಡಿದೆ ಅಂತ ಲೆಕ್ಕ.

ಪದವನ್ನು ತುಂಡು ಮಾಡುವ ಆಟವೂ ಇದರ ಜೊತೆಗೇ ನಡೆಯಲಿ. ಸೋವಿಯತ್ ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ಎಲ್ಕೊನಿನ್ ಒಂದು ಸರಳ ಉಪಾಯ ಮಾಡಿದ್ದರು. ಕಾಗದದ ಮೇಲೆ ಸಾಲಾಗಿ ಚೌಕಗಳು, ಪದದ ಒಂದೊಂದು ಶಬ್ದ ಹೇಳುವಾಗ ಒಂದೊಂದು ಬಿಲ್ಲೆಯನ್ನು ಚೌಕಕ್ಕೆ ತಳ್ಳುವುದು. ನಮ್ಮ ಮಕ್ಕಳಿಗೆ ಇದನ್ನು ಅಕ್ಷರದ ಲೆಕ್ಕದಲ್ಲಿ ಆಡಿಸಿ. ಮ-ರ, ಎರಡು ಬಿಲ್ಲೆ. ಚ-ಮ-ಚ, ಮೂರು. ಗ-ರ-ಗ-ಸ, ನಾಲ್ಕು. ರಟ್ಟನ್ನು ದುಂಡಗೆ ಕತ್ತರಿಸಿದರೆ ಬಿಲ್ಲೆ ಆಯಿತು. ಮಗು ತನ್ನ ಹೆಸರಿಗೆ ಎಷ್ಟು ಬಿಲ್ಲೆ ಅಂತ ನೋಡಿಕೊಳ್ಳದೆ ಬಿಡುವುದಿಲ್ಲ.

ಈಗ ಅಕ್ಷರದ ಆಕಾರ. ಇಲ್ಲಿ ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸೊರಿ ಅವರ ಕಥೆ ಹೇಳಲೇಬೇಕು. ಅವರು ರೋಮ್‌ನಲ್ಲಿ 'ಮಕ್ಕಳ ಮನೆ' ಅನ್ನುವ ತಮ್ಮ ಮೊದಲ ಶಾಲೆ ತೆರೆದದ್ದು 1907ರಲ್ಲಿ. ಅದಕ್ಕೂ ಮುಂಚೆ ಬೇರೆ ಮಕ್ಕಳ ಜೊತೆ ಕೆಲಸ ಮಾಡುವಾಗ ಅವರ ಹತ್ತಿರ ಮರದಲ್ಲಿ ಅಂದವಾಗಿ ಮಾಡಿಸಿದ ಅಕ್ಷರಗಳಿದ್ದವು. ಹೊಸ ಶಾಲೆಗೆ ಅಂಥವು ಸಿಗಲಿಲ್ಲ. ಆಗ ಅವರು ಕಾಗದದಲ್ಲಿ, ಸ್ಯಾಂಡ್ ಪೇಪರಿನಲ್ಲಿ ಅಕ್ಷರ ಕತ್ತರಿಸಿ ನುಣ್ಣನೆಯ ರಟ್ಟಿಗೆ ಅಂಟಿಸಿದರು. ಮಗು ಬೆರಳಿನಿಂದ ಅದನ್ನು ಸವರಬೇಕು, ಸವರುತ್ತಾ ಆ ಅಕ್ಷರದ ಶಬ್ದ ಹೇಳಬೇಕು. ಇವತ್ತು ಪ್ರಪಂಚದ ಎಲ್ಲ ಕಡೆ ಬಳಸುವ ಆ ಉಪಕರಣ ಹುಟ್ಟಿದ್ದೇ ಒಳ್ಳೆಯದು ಕೈಗೆ ಸಿಗದಿದ್ದಾಗ, ಕತ್ತರಿ ಮತ್ತು ಅಂಟಿನಿಂದ. ಮನೆಯಲ್ಲಿ ಮಾಡಿದ್ದು ಅಂತ ಯಾರಾದರೂ ಕಡಿಮೆ ಮಾಡಿ ಮಾತಾಡಿದರೆ ನನಗೆ ಈ ಕಥೆ ನೆನಪಾಗುತ್ತದೆ.

ಕನ್ನಡ ಅಕ್ಷರಕ್ಕೆ ಕತ್ತರಿ ಮಾತ್ರ ಅಷ್ಟು ಒಗ್ಗುವುದಿಲ್ಲ. ಗುಂಡಗುಂಡಗಿನ ಹೊಟ್ಟೆ, ಒಳಸುಳಿ, ಮೇಲೆ ತಲೆಕಟ್ಟು. ಸ್ಯಾಂಡ್ ಪೇಪರ್ ಕತ್ತರಿಸಲು ಕೂತರೆ ಕೈ ನೋಯುತ್ತದೆ, ಅಕ್ಷರವೂ ಸೊಟ್ಟಗಾಗುತ್ತದೆ. ಅದಕ್ಕೆ ದಾರ ಒಳ್ಳೆಯದು. ರಟ್ಟಿನ ಮೇಲೆ ದೊಡ್ಡದಾಗಿ ಪೆನ್ಸಿಲ್‌ನಲ್ಲಿ 'ರ' ಬರೆಯಿರಿ, ಗೆರೆಯ ಮೇಲೆ ಅಂಟು ಹಚ್ಚಿ, ದಪ್ಪ ಉಣ್ಣೆ ದಾರವನ್ನು ಬರೆಯುವ ದಿಕ್ಕಿನಲ್ಲೇ ಇಡುತ್ತಾ ಹೋಗಿ. ಶುರುವಾಗುವ ಜಾಗದಲ್ಲಿ ಒಂದು ಹಸಿರು ಚುಕ್ಕೆ. ಒಣಗಿದ ಮೇಲೆ ಮಗು ಹಸಿರು ಚುಕ್ಕೆಯಲ್ಲಿ ಬೆರಳಿಟ್ಟು ದಾರದ ಮೇಲೆ ಸಾಗುತ್ತದೆ. ಬೆರಳು ಸಾಗುವಾಗ ಬಾಯಿ 'ರ' ಅನ್ನಬೇಕು. ಬಾಯಿ ಸುಮ್ಮನಿದ್ದರೆ ಅದು ಬರೀ ದಾರ. ದೊಡ್ಡ ಮಕ್ಕಳಾದರೆ ದಾರವನ್ನು ಅವರೇ ಅಂಟಿಸಲಿ. ವಕ್ರ ಆದರೆ ಆಗಲಿ, ಓದೋಕೆ ಬಂದರೆ ಸಾಕು. ನಂತರ ಕಣ್ಣು ಮುಚ್ಚಿಕೊಂಡು, ಬೆರಳಲ್ಲೇ ಯಾವ ಅಕ್ಷರ ಅಂತ ಹೇಳುವ ಪಂದ್ಯ ಇಡಿ. ಮಕ್ಕಳು ಇದನ್ನು ಮತ್ತೆ ಮತ್ತೆ ಆಡಿಸಿ ಅನ್ನುತ್ತವೆ.

ಕಾಗುಣಿತಕ್ಕೆ ಬಂದಾಗ ಎಲ್ಲರಿಗೂ ಸುಸ್ತು. ಆಗುವುದು ಸಹಜ. ಕನ್ನಡದಲ್ಲಿ 34 ವ್ಯಂಜನ, 13 ಸ್ವರ. ಪ್ರತಿ ವ್ಯಂಜನಕ್ಕೂ ಪ್ರತಿ ಸ್ವರ ಸೇರಿದರೆ 442 ರೂಪ. ಒತ್ತಕ್ಷರ ಇದರಲ್ಲಿ ಸೇರಿಲ್ಲ. ಕನ್ನಡ ಓದುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಅಕ್ಷರಗಳ ಕಲಿಕೆ ಮೊದಲ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ಮುಂದಿನ ತರಗತಿಗಳಿಗೂ ಸಾಗುತ್ತದೆ. ಐದು ವರ್ಷಕ್ಕೆ ಎಲ್ಲ ಬಂದಿಲ್ಲ ಅಂತ ಮಗುವಿನ ಮೇಲೆ ರೇಗುವ ಅಪ್ಪ ಅಮ್ಮಂದಿರು ಇದನ್ನು ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಿ. 442 ಚಿತ್ರಗಳನ್ನು ಬಾಯಿಪಾಠ ಮಾಡು ಅಂತ ಮಗುವಿಗೆ ಹೇಳುವುದು ಅನ್ಯಾಯ. ಅದಕ್ಕೆ ಬೇಕಾದದ್ದು ಜೋಡಣೆಯ ಗುಟ್ಟು.

ಆ ಗುಟ್ಟನ್ನು ಕೈಯಲ್ಲಿ ತೋರಿಸುವ ಆಟ ಇದೆ. ಹಳೆಯ ಪ್ಲಾಸ್ಟಿಕ್ ಫೈಲಿನ ಪಾರದರ್ಶಕ ಹಾಳೆ ತೆಗೆದುಕೊಳ್ಳಿ. ರಟ್ಟಿನ ಚೀಟಿಗಳ ಮೇಲೆ ತಲೆಕಟ್ಟು ಇಲ್ಲದ ಕ, ಗ, ತ, ದ, ರ, ಸ ಬರೆಯಿರಿ. ತಲೆಕಟ್ಟು ಇಲ್ಲದೆ ಯಾಕೆ? 'ಕ'ಗೆ ಗುಡಿಸು ಕೊಟ್ಟು 'ಕಿ' ಮಾಡುವಾಗ ತಲೆಕಟ್ಟು ಇದ್ದ ಜಾಗಕ್ಕೇ ಗುಡಿಸು ಬರುತ್ತದೆ. ಪೂರ್ತಿ 'ಕ' ಬರೆದು ಅದರ ಮೇಲೆ ಗುಡಿಸು ಇಟ್ಟರೆ ಗೋಜಲಾಗುತ್ತದೆ, ಮಗುವಿಗೆ ತಪ್ಪು ಚಿತ್ರ ಸಿಗುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿ, ಒಂದರ ಮೇಲೆ ತಲೆಕಟ್ಟು, ಇನ್ನೊಂದರ ಮೇಲೆ ಇಳಿ, ಹೀಗೇ ಒಂದೊಂದರ ಮೇಲೆ ಗುಡಿಸು, ಕೊಂಬು, ಏತ್ವ. ಅಳಿಸದ ಮಾರ್ಕರ್‌ನಲ್ಲಿ ಬರೆಯಿರಿ. ಈಗ ಹಾಳೆಯನ್ನು ಚೀಟಿಯ ಮೇಲೆ ಇಡುತ್ತಾ ಹೋದಂತೆ ಕ, ಕಾ, ಕಿ, ಕು, ಕೆ. ಕೊಂಬು ಇಡುವಾಗ ಮಾತ್ರ ತಲೆಕಟ್ಟಿನ ಹಾಳೆಯೂ ಜೊತೆಗಿರಲಿ. ಅದೇ ಗುಡಿಸನ್ನು ಎತ್ತಿ ಗ ಮೇಲಿಟ್ಟರೆ ಗಿ, ದ ಮೇಲಿಟ್ಟರೆ ದಿ. ಆಟ ಹೀಗೆ: ನೀವು ಒಂದು ಶಬ್ದ ಹೇಳಿ, 'ಸಿ' ಅಂತ. ಮಗು ಚೀಟಿ ಮತ್ತು ಹಾಳೆ ಹುಡುಕಿ ಕಟ್ಟಬೇಕು. ಆಮೇಲೆ ಸರದಿ ಬದಲು, ಮಗು ಹೇಳಲಿ, ನೀವು ಕಟ್ಟಿ. ಕೆಲವು ಸಲ ಬೇಕೆಂದೇ ತಪ್ಪು ಕಟ್ಟಿ. ಹಿಡಿದುಬಿಟ್ಟೆ ಅಂತ ಮಗು ಕುಣಿಯುತ್ತದೆ. ಮ, ಯ, ಪ, ವ ಇವುಗಳ ಕೆಲವು ರೂಪಗಳು ಈ ದಾರಿ ಬಿಟ್ಟು ಹೋಗುತ್ತವೆ. ಅವನ್ನು ಶುರುವಿನಲ್ಲಿ ತರಬೇಡಿ.

ಹ್ರಸ್ವ ದೀರ್ಘ ಗೊತ್ತಾಗದ ಮಕ್ಕಳಿಗೆ ಒಂದು ತುಂಡು ಎಲಾಸ್ಟಿಕ್ ಕೊಡಿ. ಕರು ಅಂದರೆ ಎಳೆಯಬೇಡ, ಕಾರು ಅಂದರೆ 'ಕಾ' ಮುಗಿಯುವ ತನಕ ಎಳೆ. ಬಲ, ಬಾಲ. ಕೊಡು, ಕೋಡು. ಎದುರಿಗೆ ಎರಡು ಚಿತ್ರ ಇಟ್ಟು, ನೀವು ಹೇಳಿದ್ದು ಯಾವುದು ಅಂತ ಮುಟ್ಟಿಸಿ. ಮುಂದೆ ದೀರ್ಘ ಬಿಟ್ಟು ಬರೆಯುವ ತಪ್ಪು ಅರ್ಧಕ್ಕರ್ಧ ಕಿವಿಯ ತಪ್ಪು ಅಂತ ನನ್ನ ಅನಿಸಿಕೆ. ಕೆಂಪು ಶಾಯಿಯಲ್ಲಿ ತಿದ್ದುವ ಮೊದಲು ಎಲಾಸ್ಟಿಕ್ ಎಳೆಸಿ ನೋಡಿ.

ಮಹಾಪ್ರಾಣಕ್ಕೆ ತೆಳು ಕಾಗದದ ಪಟ್ಟಿ. ಬೆರಳಗಲದ ಪಟ್ಟಿ ಕತ್ತರಿಸಿ ಬಾಯಿಯ ಮುಂದೆ ಇಳಿಬಿಡಿ. 'ಕ' ಅಂದರೆ ಪಟ್ಟಿ ಚೂರು ಅಲುಗುತ್ತದೆ, 'ಖ' ಅಂದರೆ ಹಾರುತ್ತದೆ. ತ ಮತ್ತು ಥ, ಚ ಮತ್ತು ಛ ಹೀಗೇ. ಹೊಟ್ಟೆ ಸೀಳು, ಚುಕ್ಕೆ ಅಂತ ಬರೀ ಕಣ್ಣಿಗೆ ಹೇಳಿಕೊಟ್ಟ ಮಗುವಿಗೆ ಈ ವ್ಯತ್ಯಾಸ ಮೊದಲ ಸಲ ಉಸಿರಿನಲ್ಲಿ ಸಿಗುತ್ತದೆ. ಪ, ಬ, ಮ ಹೇಳುವಾಗ ತುಟಿ ಮುಚ್ಚುವುದನ್ನು ಕನ್ನಡಿಯಲ್ಲಿ ತೋರಿಸಿ.

ಒಂದು ಎಚ್ಚರ. ನೋಡೋಕೆ ಒಂದೇ ಥರ ಇರುವ ಅಕ್ಷರಗಳನ್ನು ಒಟ್ಟಿಗೆ ತರಬೇಡಿ. ಪ, ಷ, ಫ ಒಂದೇ ವಾರದಲ್ಲಿ ಬಂದರೆ ಮಗು ಮೂರನ್ನೂ ಕಲಸಿಹಾಕುತ್ತದೆ. ವ, ಮ ಕೂಡ ಹಾಗೇ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಕಿವಿಗೆ ಹತ್ತಿರ ಇರುವವಕ್ಕೂ ಇದೇ ಮಾತು: ಲ ಮತ್ತು ಳ ಬೇರೆ ಬೇರೆ ಬಂದು, ಎರಡೂ ಗೊತ್ತಾದ ಮೇಲೆ ಹಲ್ಲಿ-ಹಳ್ಳಿ ಆಟ ಆಡಿಸಿ. ಗೋಡೆಯ ಒಂದು ಕಡೆ ಹಲ್ಲಿ ಚಿತ್ರ, ಇನ್ನೊಂದು ಕಡೆ ಹಳ್ಳಿ ಚಿತ್ರ, ಹೇಳಿದ ಕಡೆ ಓಡಬೇಕು.

ಇನ್ನೊಂದು ಎಚ್ಚರ ಜೀವದ ವಿಷಯ. ಬಾಟಲಿ ಮುಚ್ಚಳದ ಮೇಲೆ ಅಕ್ಷರ ಬರೆದು ಆಡಿಸುವುದು ತುಂಬಾ ಜನಪ್ರಿಯ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಅದು ಬೇಡ. ಚಿಕ್ಕ ಮಕ್ಕಳ ಆಟಿಕೆ ಪರೀಕ್ಷಿಸಲು ಬಳಸುವ ಕೊಳವೆಯ ಅಗಲ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಿಗೆ ಸಿಕ್ಕಿಕೊಳ್ಳಬಹುದು ಅಂತ ಅರ್ಥ. ನೀರಿನ ಬಾಟಲಿಯ ಮುಚ್ಚಳ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು. ಗುಂಡಿ, ಮಣಿ, ಬೀಜಗಳೂ ಬೇಡ. ಕಾಗದದ ಮೀನಿಗೆ ಕ್ಲಿಪ್ ಸಿಕ್ಕಿಸಿ ಅಯಸ್ಕಾಂತದಲ್ಲಿ ಹಿಡಿಯುವ ಆಟ ಚೆನ್ನಾಗಿರುತ್ತದೆ, ಆದರೆ ಪುಟ್ಟ, ಬಲವಾದ ಅಯಸ್ಕಾಂತ ಬಳಸಬೇಡಿ. ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿಗೆ ತೂತು ಬೀಳಬಹುದು. ಬಾಯಿಗೆ ಹಿಡಿಸದಷ್ಟು ದೊಡ್ಡದನ್ನು ದಾರಕ್ಕೆ ಬಿಗಿಯಾಗಿ ಕಟ್ಟಿ, ಆಟ ಮುಗಿದ ಮೇಲೆ ಎತ್ತಿಡಿ.

ಈಗ ಅಮ್ಮಂದಿರಿಗೆ ಒಂದು ಮಾತು. ಅಪ್ಪಂದಿರೂ ಕೇಳಿಸಿಕೊಳ್ಳಿ, ಈ ಕೆಲಸ ನಿಮ್ಮದೂ ಹೌದು. ರಾತ್ರಿ ಮಗು ಮಲಗಿದ ಮೇಲೆ ಕೂತು, ಪ್ರಿಂಟ್ ತೆಗೆದು, ಅಂಚು ನೇರ ಮಾಡಿ, ಲ್ಯಾಮಿನೇಟ್ ಮಾಡಿ, ಫೋಟೋ ತೆಗೆಯುವ ಆಟ ಬೇಡ. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಮಗು ಮಡಚಿದರೆ, ಅಗಿದರೆ ನಿಮಗೆ ಸಿಟ್ಟು ಬರುತ್ತದೆ. ಕಲಿಕೆ ನಡೆಯಬೇಕಾದ ಹೊತ್ತಿನಲ್ಲಿ ಚೀಟಿ ಕಾಪಾಡುವುದೇ ಕೆಲಸವಾಗುತ್ತದೆ. ಹತ್ತು ನಿಮಿಷದಲ್ಲಿ, ಮಗುವಿನ ಎದುರಿಗೆ, ಅದರ ಕೈಯನ್ನೂ ಸೇರಿಸಿಕೊಂಡು ಮಾಡಿದ ಸೊಟ್ಟ ಚೀಟಿ ಸಾಕು. ಹರಿದರೆ ಇನ್ನೊಂದು. ಮನೆ ಆಟದ ದೊಡ್ಡ ಲಾಭವೇ ಅದು: ನಿನ್ನೆ 'ಸ'ಗೆ ಮಗು ತಡವರಿಸಿತು ಅಂದರೆ ಇವತ್ತಿನ ಆಟದಲ್ಲಿ 'ಸ' ನಾಲ್ಕು ಕಡೆ ಬರುವ ಹಾಗೆ ಮಾಡಬಹುದು. ಪೆಟ್ಟಿಗೆಯಲ್ಲಿ ಬಂದ ಆಟಕ್ಕೆ ನಿಮ್ಮ ಮಗುವಿನ ತಡವರಿಕೆ ಗೊತ್ತಿರುವುದಿಲ್ಲ.

ಮಗು ಎದ್ದು ಹೋದರೆ ಆಟ ಮುಗಿಯಿತು. ಕರೆದು ಕೂರಿಸಬೇಡಿ. 'ಇದೇನು ಹೇಳು, ಅದೇನು ಹೇಳು' ಅಂತ ಬಂದವರ ಮುಂದೆ ಕೇಳಬೇಡಿ. ತಪ್ಪು ಹೇಳಿದರೆ 'ಅಲ್ಲ' ಅನ್ನುವ ಬದಲು ನೀವೇ ಸರಿಯಾದ ಶಬ್ದ ನಿಧಾನವಾಗಿ ಹೇಳಿ, ಆಟ ಮುಂದುವರಿಸಿ. ಆದರೆ ಎಷ್ಟು ಆಡಿಸಿದರೂ ಹತ್ತಿರದ ಶಬ್ದಗಳು ಒಂದೇ ಥರ ಕೇಳುತ್ತಿವೆ ಅನ್ನಿಸಿದರೆ, ಕರೆದಾಗ ತಿರುಗುವುದು ಕಡಿಮೆ ಆದರೆ, ಕಿವಿ ಪರೀಕ್ಷೆ ಮಾಡಿಸಿ. ನೆಗಡಿ, ಕಿವಿಸೋಂಕು ಆದಮೇಲೆ ಒಳಗೆ ನೀರು ನಿಂತು ಕೇಳಿಸುವುದು ಮಂದವಾಗುವುದು ಪುಟ್ಟ ಮಕ್ಕಳಲ್ಲಿ ಸಾಮಾನ್ಯ. ಅದನ್ನು ದಡ್ಡತನ ಅಂದುಕೊಂಡು ಗದರಿಸಿದವರನ್ನು ನೋಡಿದ್ದೇನೆ. ಮಗುವಿನ ಪಾಲಿಗೆ ಅದಕ್ಕಿಂತ ದೊಡ್ಡ ನೋವು ಇಲ್ಲ.

ಒಂದು ಆಟದ ಆಯುಸ್ಸು ಎಷ್ಟು ಅಂತ ಕೇಳುವವರಿದ್ದಾರೆ. ಮಗು ನಿಯಮ ಬದಲಾಯಿಸಲು ಶುರು ಮಾಡಿದರೆ ಆ ಅಕ್ಷರಗಳು ಅದಕ್ಕೆ ಬಂದಿವೆ. ಆಗ ಚಿತ್ರದ ಚೀಟಿಗಳನ್ನು ಪಕ್ಕಕ್ಕಿಟ್ಟು ಅಕ್ಷರದ ಚೀಟಿಗಳನ್ನು ಮಾತ್ರ ಉಳಿಸಿಕೊಳ್ಳಿ. ಅವುಗಳಲ್ಲಿ ಮನೆಯವರ ಹೆಸರು ಕಟ್ಟಬಹುದು, ಬಾಗಿಲಿಗೆ, ಕಪಾಟಿಗೆ, ಕುರ್ಚಿಗೆ ಹೆಸರು ಅಂಟಿಸಬಹುದು. ಒತ್ತಕ್ಷರ ಬಂದು 'ಕತ್ತರಿ' ಕಟ್ಟಲು 'ತ'ದ ಒತ್ತು ಬೇಕು ಅಂದಾಗ ಹೊಸ ರಟ್ಟು ತೆಗೆಯಿರಿ, ಒತ್ತುಗಳಿಗೆ ಅರ್ಧ ಅಳತೆಯ ಚೀಟಿ ಮಾಡಿ, ಅಕ್ಷರದ ಕೆಳಗೆ ಇಡಲು ಕೊಡಿ.